ಪಕ್ಕದ ತೋಟದವರು ಬೋರ್ ಕೊರೆಸಿದ ಮೇಲೆ ನಮ್ಮ ನೀರು ಇಳಿದಿದೆ, ಏನು ಮಾಡಲಿ?

ಹೊಳಲ್ಕೆರೆ_ಅಡಿಕೆ:
ಎರಡು ಎಕರೆ ಅಡಿಕೆ ತೋಟ. ಬೋರ್ 480 ಅಡಿ, ಮೋಟಾರ್ ಇಳಿಸಿರುವುದು 360ಕ್ಕೆ, ಕಬ್ಬಿಣದ ಪೈಪ್. ಹೋದ ಬೇಸಿಗೆಯಲ್ಲಿ 20 ಲೀಟರ್ ಕ್ಯಾನ್ 10 ಸೆಕೆಂಡಿಗೆ ತುಂಬುತ್ತಿತ್ತು, ಈಗ 17 ಬೇಕು. ಪಕ್ಕದವರು 20 ದಿನದ ಹಿಂದೆ 200 ಅಡಿ ದೂರದಲ್ಲಿ ಹೊಸ ಬೋರ್ ಕೊರೆಸಿದರು. ಅವರೊಂದಿಗೆ ಮಾತು ಬಿಟ್ಟಿದ್ದೇನೆ. ನಾನೂ ಇನ್ನೊಂದು ಕೊರೆಸಲೇ?

ಜಗಳೂರು_ಜೋಳ:
ಅನುಮಾನವೇ ಬೇಡ ಸರ್, ನೀರು ಅವರ ಬೋರಿಗೇ ಹೋಗಿದೆ. ನಮ್ಮೂರಿನಲ್ಲೂ ಹೀಗೇ ಆಯಿತು.

ಮೋಟಾರ್_ದುರ್ಗ:
ದಯವಿಟ್ಟು ಈಗಲೇ ಕೊರೆಸಬೇಡಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು. ನಮ್ಮ ಸೀಮೆಯ ಗಟ್ಟಿ ಕಲ್ಲಿನಲ್ಲಿ ನೀರು ಇರುವುದು ಬಿರುಕುಗಳಲ್ಲಿ. ಬಿರುಕು ಕೂಡಿದ್ದರೆ ದೂರದ ಬೋರೂ ಎಳೆಯುತ್ತದೆ, ಕೂಡದಿದ್ದರೆ ಪಕ್ಕದ್ದೂ ಎಳೆಯುವುದಿಲ್ಲ. ದೂರ ನೋಡಿ ತೀರ್ಮಾನಿಸಲಾಗದು.

ಕೆಲವು ವಿಷಯ ತಿಳಿಸಿ. ನೀರು ಗಾಳಿಯೊಂದಿಗೆ ಉಗುಳಿ ಉಗುಳಿ ಬರುತ್ತಿದೆಯೇ, ಸಣ್ಣದಾದರೂ ಒಂದೇ ಸಮ ಇದೆಯೇ? ಒಳಗೆ ನೀರು ಸಾಲದಿದ್ದರೆ ಆಂಪ್ಸ್, ಅಂದರೆ ಮೋಟಾರ್ ಎಳೆಯುವ ಕರೆಂಟ್, ಇಳಿದು ಮೀಟರಿನ ಮುಳ್ಳು ತೂಗಾಡುತ್ತದೆ. ಸ್ವಿಚ್ ಹಾಕಿದ ಎಷ್ಟು ಹೊತ್ತಿಗೆ ನೀರು ಬರುತ್ತದೆ? ಮೋಟಾರ್ ನಿಲ್ಲಿಸಿದ ಕೂಡಲೇ ಕೇಸಿಂಗ್ (ಬೋರಿನ ಮೇಲ್ಭಾಗದ ಹೊರಪೈಪ್) ಬಾಯಿಗೆ ಕಿವಿಗೊಟ್ಟು ಕೇಳಿ. ಮುಖ್ಯವಾಗಿ, ಪಕ್ಕದವರ ಮೋಟಾರ್ ಒಂದು ದಿನ ಪೂರ್ತಿ ನಿಂತಾಗಲೂ ಅಳೆಯಿರಿ.

ಹೊಳಲ್ಕೆರೆ_ಅಡಿಕೆ:
ಕೊನೆಯದಕ್ಕಾಗಿ ಅವರ ಮನೆಗೇ ಹೋಗಬೇಕಾಯಿತು. ಮರುಮಾತಿಲ್ಲದೆ ಎರಡು ದಿನ ನಿಲ್ಲಿಸಿದರು. ಆಗಲೂ 17 ಸೆಕೆಂಡೇ. ನೀರು ಒಂದೇ ಸಮ ಬರುತ್ತದೆ, ಮುಳ್ಳು ಅಲುಗುವುದಿಲ್ಲ. ಆದರೆ ಮೊದಲು ಸ್ವಿಚ್ ಹಾಕಿದ ತಕ್ಷಣ ಬರುತ್ತಿದ್ದ ನೀರಿಗೆ ಈಗ ಒಂದು ನಿಮಿಷದ ಮೇಲೆ ಕಾಯಬೇಕು. ನಿಲ್ಲಿಸಿದಾಗ ಒಳಗೆ ಮಳೆ ಸುರಿದಂತೆ ಸದ್ದು ಕೇಳುತ್ತದೆ. ಹೀಗೆ ಕಾಯುವುದು ಸಂಕ್ರಾಂತಿಯಿಂದಲೇ ಇದೆ ಎಂದು ಅಮ್ಮ ಹೇಳುತ್ತಾರೆ. ಆಗ ಅವರ ಬೋರೇ ಇರಲಿಲ್ಲ.

ಮೋಟಾರ್_ದುರ್ಗ:
ಹಾಗಾದರೆ ನೀರಿನ ಮಟ್ಟಕ್ಕಿಂತ ಮೇಲೆ ಎಲ್ಲೋ ಪೈಪ್ ತೂತಾಗಿರುವ ಸಂಭವವೇ ಹೆಚ್ಚು. ನಿಲ್ಲಿಸಿದಾಗ ಪೈಪಿನಲ್ಲಿರುವ ನೀರು ಆ ತೂತಿನಿಂದ ಒಳಗೇ ಸುರಿಯುತ್ತದೆ, ಅದೇ ಮಳೆಯ ಸದ್ದು. ಮತ್ತೆ ಹಾಕಿದಾಗ ಖಾಲಿಯಾದ ಪೈಪ್ ತುಂಬುವವರೆಗೆ ಕಾಯಬೇಕು. ಮೋಟಾರ್ ಎತ್ತಿಸಿ. ಎತ್ತುವಾಗ ಪೈಪುಗಳನ್ನು ಜೋಡಿಸುವ ಪ್ರತಿ ಕಪ್ಲಿಂಗನ್ನೂ ನೀವೇ ನೋಡಿ.

ಹೊಳಲ್ಕೆರೆ_ಅಡಿಕೆ:
ಎತ್ತಿಸಿದೆವು. ಮೇಲಿನಿಂದ ಏಳನೆಯ ಪೈಪಿನಲ್ಲಿ, ಕಪ್ಲಿಂಗಿನ ಕೆಳಗೆ ತುಕ್ಕು ತಿಂದು ಕಿರುಬೆರಳು ತೂರುವಷ್ಟು ತೂತು. ಆ ಪೈಪ್ ಬದಲಿಸಿ ಇಳಿಸಿದೆವು. ಈಗ ನೀರು ಬೇಗ ಬರುತ್ತದೆ, ಕ್ಯಾನ್ 13 ಸೆಕೆಂಡಿಗೆ ತುಂಬುತ್ತದೆ.

ಜಗಳೂರು_ಜೋಳ:
ನಾನು ಅವಸರದಲ್ಲಿ ಹೇಳಿಬಿಟ್ಟೆ, ಕ್ಷಮಿಸಿ. ಅಂತೂ ಕಾರಣ ತೂತು ಎಂದಾಯಿತು.

ಮೋಟಾರ್_ದುರ್ಗ:
ಪೂರ್ತಿ ಅಲ್ಲ. 17 ಇದ್ದದ್ದು 13 ಆಯಿತು, 10 ಆಗಲಿಲ್ಲ. ಉಳಿದ 3 ಸೆಕೆಂಡಿಗೆ ಪಂಪಿನ ಸವಕಳಿ ಇರಬಹುದು, ಅಂತರ್ಜಲವೇ ಇಳಿದಿರಬಹುದು, ಹೊಸ ಬೋರೂ ಇರಬಹುದು. ತೂತು ಇದ್ದಾಗ ಅಳೆದದ್ದನ್ನು ಇದಕ್ಕೆ ಸಾಕ್ಷಿಯಾಗಿ ಹಿಡಿಯಬೇಡಿ. ಪಕ್ಕದವರ ಮೋಟಾರ್ ಓಡುವಾಗೊಮ್ಮೆ, ನಿಂತಾಗೊಮ್ಮೆ ಮತ್ತೆ ಅಳೆದು ಬರೆದಿಡಿ.

ಹೊಳಲ್ಕೆರೆ_ಅಡಿಕೆ:
ಸರಿ ಅಣ್ಣ. ಸ್ಟಾರ್ಟರ್ ಪೆಟ್ಟಿಗೆಗೆ ಒಂದು ನೋಟ್‌ಬುಕ್ ಕಟ್ಟಿದ್ದೇನೆ. ಅವರೂ ತಮ್ಮ ಕಡೆ ಬರೆದಿಡುವುದಾಗಿ ಹೇಳಿದ್ದಾರೆ. ತಿಂಗಳಾದ ಮೇಲೆ ಎರಡನ್ನೂ ಇಲ್ಲಿ ಹಾಕುತ್ತೇನೆ.