ಪ್ರಶ್ನೋತ್ತರ: ಭತ್ತದ ಕೆಳ ಎಲೆಗೆ ತುಕ್ಕು ಬಣ್ಣ, ಬೆಂಕಿ ರೋಗವೋ ಸತುವಿನ ಕೊರತೆಯೋ?

ಪ್ರಶ್ನೆ: ನಮಸ್ಕಾರ ಸರ್. ಗಂಗಾವತಿ ಕಡೆ ಎರೆ ಹೊಲ, ಕಾಲುವೆ ನೀರು. ಭತ್ತ ನಾಟಿಯಾಗಿ 20 ದಿನ. ಅಲ್ಲಲ್ಲಿ ಪೈರು ಕುಳ್ಳಗೆ ಕೂತಿದೆ, ತೆಂಡೆ ಒಡೆದಿಲ್ಲ, ಕೆಳ ಎಲೆ ಮೇಲೆ ತುಕ್ಕು ಬಣ್ಣದ ಚುಕ್ಕೆ. ಡಿಎಪಿ, ಯೂರಿಯಾ ಎರಡೂ ಕೊಟ್ಟಾಗಿದೆ. ಅಂಗಡಿಯವರು ಬೆಂಕಿ ರೋಗ ಅಂತ ಔಷಧಿ ಕೊಟ್ಟಿದ್ದಾರೆ. ಹೊಡೀಲಾ?

ಉತ್ತರ: ಸದ್ಯಕ್ಕೆ ಬೇಡ. ಬೆಂಕಿ ರೋಗದ ಮಚ್ಚೆ ಎರಡೂ ತುದಿ ಚೂಪಾಗಿ, ನಡುವೆ ಬೂದಿ ಬಣ್ಣ ಇರುತ್ತದೆ. ಒಂದು ಗಿಡ ಕಿತ್ತು ಎಳೆ ಎಲೆಯ ಬುಡದಲ್ಲಿ ನಡುನರ ನೋಡಿ. ಅದು ಬಿಳಿಚಿದ್ದು, ಕೆಳ ಎಲೆಯ ಸಣ್ಣ ಚುಕ್ಕೆಗಳು ಒಂದಕ್ಕೊಂದು ಕೂಡಿ ಎಲೆಯೇ ಕಂದಾಗುತ್ತಿದ್ದರೆ ಸತುವಿನ ಕೊರತೆ, ಅಂದರೆ ಖೈರಾ. ಸಾರಜನಕ ಕಡಿಮೆಯಾದರೆ ಹಳೇ ಎಲೆ ಚುಕ್ಕೆಯಿಲ್ಲದೆ ಹಳದಿಯಾಗುತ್ತದೆ. ಕಬ್ಬಿಣ ಕಡಿಮೆಯಾದರೆ ಮೊದಲು ಬಿಳಿಚುವುದು ಹೊಸ ಎಲೆ.

ನಿಮ್ಮಂಥ ಮಣ್ಣಲ್ಲಿ ಸತುವು ಇಲ್ಲವೆಂದಲ್ಲ, ಬೇರಿಗೆ ಸಿಗುವುದಿಲ್ಲ. ಮಣ್ಣಿನ ರಸಸಾರ (ಪಿಎಚ್) 8ರ ಆಸುಪಾಸಿಗೆ ಬಂದರೆ ಅದು ಕರಗುವುದೇ ಕಡಿಮೆ. ಮೇಲೆ ಸದಾ ನಿಂತ ನೀರು, ಡಿಎಪಿಯಿಂದ ಬರುವ ಜಾಸ್ತಿ ರಂಜಕ, ಇವೂ ಸತುವು ಸಿಗದಂತೆ ಮಾಡುತ್ತವೆ.

ಮೊದಲು ನೀರು ಬಸಿದು 2–3 ದಿನ ಗದ್ದೆಗೆ ಗಾಳಿಯಾಡಲಿ. ಆಮೇಲೆ ಸಿಂಪಡಣೆಗೆ ಎಕರೆಗೆ 200 ಲೀಟರ್ ನೀರು, 1 ಕೆಜಿ ಜಿಂಕ್ ಸಲ್ಫೇಟ್ (21% ಸತುವಿರುವ ಗೊಬ್ಬರ), ಅರ್ಧ ಕೆಜಿ ಅರಳಿದ ಸುಣ್ಣ. ಸುಣ್ಣವನ್ನು ಹಿಂದಿನ ರಾತ್ರಿಯೇ ಬೇರೆ ನೆನೆಸಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನಷ್ಟೇ ಬೆರೆಸಿ. ಸುಣ್ಣ ಬಿಟ್ಟರೆ ಎಲೆ ಸುಡುತ್ತದೆ, ಸೋಸದಿದ್ದರೆ ನಾಜಲ್ ಕಟ್ಟುತ್ತದೆ. ಬಿಸಿಲಿಳಿದ ಮೇಲೆ ಹೊಡೆದು, 8–10 ದಿನಕ್ಕೆ ಮತ್ತೊಮ್ಮೆ. ಕಂದಾದ ಎಲೆ ಮತ್ತೆ ಹಸಿರಾಗದು. ಗುಣ ಕಾಣುವುದು ಹೊಸ ಎಲೆಯಲ್ಲಿ.

ಪ್ರಶ್ನೆ: ನನ್ನ ಹತ್ರ ಇರೋ ಚೀಲದ ಮೇಲೆ 33% ಅಂತಿದೆ ಸರ್. ಮುಂದಿನ ಬೆಳೆಗೆ ಡಿಎಪಿ ಜೊತೆ ಕಲಸಿ ಎರಚಬಹುದಾ?

ಉತ್ತರ: 33% ಆದರೆ ಸಿಂಪಡಣೆಗೆ 1 ಕೆಜಿ ಬದಲು 650 ಗ್ರಾಂ ಸಾಕು. ಡಿಎಪಿ ಜೊತೆ ಮಾತ್ರ ಖಂಡಿತ ಬೇಡ, ಎರಡೂ ಕೂಡಿ ಕರಗದ ಜಿಂಕ್ ಫಾಸ್ಫೇಟ್ ಆಗುತ್ತದೆ, ದುಡ್ಡು ಮಣ್ಣುಪಾಲು. 21% ಇದ್ದರೆ ಎಕರೆಗೆ 10 ಕೆಜಿ, 33% ಇದ್ದರೆ 6 ಕೆಜಿ ಚಿಲ್ಲರೆ, ಒಣ ಮಣ್ಣಿಗೋ ಪುಡಿ ಕೊಟ್ಟಿಗೆ ಗೊಬ್ಬರಕ್ಕೋ ಬೆರೆಸಿ ಕೊನೇ ಕೆಸರು ಹದ ಮಾಡುವಾಗ ಎರಚಿ. ಪ್ರತಿ ಬೆಳೆಗೂ ಬೇಕಿಲ್ಲ. ಮಣ್ಣು ಪರೀಕ್ಷೆಯಲ್ಲಿ ಸತುವು 0.6 ಪಿಪಿಎಂಗಿಂತ ಕಡಿಮೆ ಬಂದರೆ ಹಾಕಿ.

ಇನ್ನೊಬ್ಬರ ಪ್ರಶ್ನೆ: ಮೆಕ್ಕೆಜೋಳದ ಹೊಸ ಎಲೆ ಬುಡದಲ್ಲಿ ನಡುನರದ ಎರಡೂ ಬದಿ ಅಗಲ ಬಿಳಿ ಪಟ್ಟಿ, ಅದೂ ಇದೇನಾ?

ಉತ್ತರ: ಹೌದು, ಇದೇ. ಸಿಂಪಡಣೆಯ ಪ್ರಮಾಣವೂ ಅದೇ. ಪಟ್ಟಿ ಸಣ್ಣಗೆ, ಎಲೆಯುದ್ದಕ್ಕೂ ಗೆರೆ ಎಳೆದಂತಿದ್ದರೆ ಕಬ್ಬಿಣದ ಕೊರತೆ. ಆಗ ಫೋಟೋ ಹಾಕಿ, ನೋಡೋಣ.