ಪದ ಬೇಕು, ತುರ್ತು: ಒಂದೇ ಹೆಸರಿನ ಹಡಗುಗಳಿಗೆ ಏನೆನ್ನುವುದು?

ಎಲ್ಲರಿಗೂ ನಮಸ್ಕಾರ. ಮಕ್ಕಳ ಪುಸ್ತಕವೊಂದಕ್ಕೆ ಬ್ರಿಟಿಷ್ ನೌಕಾಪಡೆಯ ಬಗ್ಗೆ ಒಂದು ಪುಟ ಅನುವಾದಿಸುತ್ತಿದ್ದೇನೆ. ಸಂಜೆಯೊಳಗೆ ಅಚ್ಚಿಗೆ ಕೊಡಬೇಕು.

'ಆರ್ಕ್ ರಾಯಲ್' ಹೆಸರಿನವು ಐದು. ಮೊದಲನೆಯದು 1588ರಲ್ಲಿ ಸ್ಪೇನಿನ ಆರ್ಮಾಡ ಎಂಬ ಹಡಗುಪಡೆಯ ಎದುರು ಹೋರಾಡಿದ್ದು. ಎರಡನೆಯದು 1914ರದು, ಕಡಲವಿಮಾನಗಳನ್ನು ಹೊರುತ್ತಿತ್ತು. ಮೂರನೆಯದು 1941ರ ನವೆಂಬರಿನಲ್ಲಿ ಜಿಬ್ರಾಲ್ಟರ್ ಹತ್ತಿರ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೋ ತಗಲಿ ಮುಳುಗಿತು. ಆಮೇಲಿನ ಎರಡೂ ವಿಮಾನವಾಹಕಗಳೇ. ಕಡೆಯದು 2011ರಲ್ಲಿ ನಿವೃತ್ತ. ಇಂಗ್ಲಿಷಿನವರು ಸಲೀಸಾಗಿ 'ನೇಮ್‌ಸೇಕ್' ಅಂದುಬಿಡುತ್ತಾರೆ. ನಾನು 'ಸಮನಾಮ ನೌಕೆಗಳು' ಅಂತ ಬರೆದೆ, ಸಂಪಾದಕರು ಹೊಡೆದುಹಾಕಿದರು.

ಇನ್ನೊಂದು ತೊಡಕು. ಹೊಸ ಹಡಗಿಗೆ ಹೆಸರು ಬೇಕೆಂದು 1934ರಲ್ಲಿ ಹಳೆಯದರ, ಅಂದರೆ ಎರಡನೆಯದರ, ಹೆಸರನ್ನು 'ಪೆಗಾಸಸ್' ಎಂದು ಬದಲಿಸಿದರು. ಇದನ್ನು 'ಹೆಸರು ತೆರವು' ಎನ್ನಬಹುದೆ?
– ಬೆಂಗಳೂರು

ಹೊಸ ಪದ ಏಕೆ? ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ, ನಾಲ್ವಡಿ ಕೃಷ್ಣರಾಜ. ಹೆಸರು ಒಂದೇ ಇದ್ದಾಗ ಕನ್ನಡ ಏನು ಮಾಡುತ್ತದೆ ಎನ್ನುವುದಕ್ಕೆ ಸುಮಾರು ಸಾವಿರದ ನಾನೂರು ವರ್ಷಗಳ ಹಿಂದಿನ ಅರಸನೇ ಸಾಕ್ಷಿ. ಮುಮ್ಮಡಿ ಆರ್ಕ್ ರಾಯಲ್ ಎಂದು ಬರೆಯಿರಿ. ಚರ್ಚೆ ಮುಗಿಯಿತು.
– ಮೈಸೂರು

ಹಡಗಿಗೆ ಪಟ್ಟ ಕಟ್ಟೂದು ಬ್ಯಾಡ್ರಿ. ಮುಮ್ಮಡಿ ಅಂದ್ರ ಮೂರು ಪಟ್ಟು ದೊಡ್ಡದು ಅಂತ ಓದ್ತಾವ ಹುಡುಗ್ರು. ನಮ್ಮ ಕಡೆ ಮೊಮ್ಮಗಗ ಅಜ್ಜನ ಹೆಸರು ಇಡ್ತೀವಿ. ಅವಗ 'ಇಮ್ಮಡಿ ಬಸಪ್ಪ' ಅಂತ ಕರೀತೀವೇನು? 'ಅಜ್ಜನ ಹೆಸರಿನವ' ಅಂತೀವಿ. ಆ ನೌಕಾಪಡೆಯವರೂ ಹಡಗಿನ ಹೆಸರಿಗೆ ಎಷ್ಟನೇದು ಅಂತ ಅಂಕಿ ಹಚ್ಚೂದಿಲ್ಲ. 1744ರಾಗ ಸಾವಿರಕ್ಕೂ ಹೆಚ್ಚು ಮಂದೀನ ತಗೊಂಡು ಮುಳುಗಿದ್ದೂ 'ವಿಕ್ಟರಿ', ಟ್ರಫಾಲ್ಗರ್ ಕಡಲಕದನದಾಗ ಬ್ರಿಟಿಷ್ ದಳಪತಿ ನೆಲ್ಸನ್ ಸತ್ತದ್ದೂ 'ವಿಕ್ಟರಿ'. ಬ್ಯಾರೆ ಬ್ಯಾರೆ ಅಂತ ತಿಳೀಲಿಕ್ಕೆ ನೀರಿಗೆ ಇಳಿಸಿದ ವರ್ಷ ಹೇಳ್ತಾರ: 1737ರ ವಿಕ್ಟರಿ, 1765ರ ವಿಕ್ಟರಿ. ನೀವೂ ಹಂಗ ಮಾಡ್ರಿ.
– ಧಾರವಾಡ

ಸಮನಾಮಕ್ಕಿಂತ ದೊಡ್ಡ ತಪ್ಪು 'ನೌಕೆ'. ಅದನ್ನು ಯಾರೂ ಹಿಡಿಯಲಿಲ್ಲ! ಹಳಗನ್ನಡದ ಪಡಗು, ತಮಿಳಿನ ಪಡಗು, ನಮ್ಮ ತುಳುವಿನ ಪಡವು. ಕಡಲಿಗೆ ಇಳಿದವರ ಬಾಯಲ್ಲಿ ಇರುವುದು ಇದೇ. ಹಡಗು ಇರುವಾಗ ನೌಕೆಯನ್ನು ಸಂಸ್ಕೃತದಿಂದ ಸಾಲ ತಂದದ್ದು ಮೇಜಿನ ಮುಂದೆ ಕುಳಿತು ಬರೆಯುವವರು. 'ಸರಿಹೆಸರಿಗ' ಎಂದು ಬಳಸಿ, ಬೇಕಾದರೆ.
– ಮಂಗಳೂರು

ಸರಿಹೆಸರಿಗ! ಇದಕ್ಕಿಂತ ನೇಮ್‌ಸೇಕ್ ವಾಸಿ. ನೌಕೆಯನ್ನು ಓಡಿಸಿದರೆ ನಾವಿಕನನ್ನು ಎಲ್ಲಿಗೆ ಕಳಿಸುತ್ತೀರಿ? ಸಂಸ್ಕೃತದ 'ನೌ', ಲ್ಯಾಟಿನ್ನಿನ 'ನಾವಿಸ್', ಇಂಗ್ಲಿಷರ 'ನೇವಿ' ಮೂರಕ್ಕೂ ಬೇರು ಒಂದೇ. ಅವರ ಹಡಗಿನ ಬಗ್ಗೆ ಬರೆಯುವಾಗ ಇದಕ್ಕಿಂತ ಒಪ್ಪುವ ಪದ ಎಲ್ಲಿದೆ? ಇಮ್ಮಡಿ ಬಗ್ಗೆ ನನ್ನ ಮಾತು ಬದಲಾಗುವುದಿಲ್ಲ.
– ಮೈಸೂರು

ನಿಮ್ಮೂರ ಹೆಸರಿನ ಹಡಗs ನೋಡ್ರಲಾ. ಬ್ರಿಟಿಷರ 'ನೈಜೀರಿಯಾ' ಹಡಗನ್ನ ನಮ್ಮ ದೇಶದ ನೌಕಾಪಡೆಯವ್ರು ಕೊಂಡು 1957ರಾಗ 'ಐಎನ್‌ಎಸ್ ಮೈಸೂರು' ಮಾಡಿದ್ರು. ಈಗಿರೂದು 1999ರದ್ದು. ಯಾರರ 'ಇಮ್ಮಡಿ ಮೈಸೂರು' ಅಂದದ್ದು ಕೇಳೀರೇನು?
– ಧಾರವಾಡ

ಅರಸರಿಗೆ ಸಲ್ಲುವ ಪದ ಹಡಗಿಗೆ ಸಲ್ಲದು ಎನ್ನುವುದಕ್ಕೆ ವ್ಯಾಕರಣದ ಆಧಾರ ಕೊಡಿ. ಊರಿನ ಹೆಸರೆತ್ತಿ ಚುಚ್ಚಬೇಡಿ.
– ಮೈಸೂರು

ಪುಟ ಕಳಿಸಿಯಾಯಿತು. ಶೀರ್ಷಿಕೆ 'ಒಂದು ಹೆಸರು, ಐದು ಹಡಗು'. ಒಳಗೆ 'ಅದೇ ಹೆಸರಿನ ಮೂರನೆಯ ಹಡಗು', ಪಕ್ಕದಲ್ಲಿ ನೀರಿಗಿಳಿದ ವರ್ಷ. 'ತೆರವು' ಕೈಬಿಟ್ಟು 'ಹಳೆಯ ಹಡಗು ತನ್ನ ಹೆಸರನ್ನು ಹೊಸದಕ್ಕೆ ಬಿಟ್ಟುಕೊಟ್ಟಿತು' ಎಂದೆ. ಮೊದಲನೆಯದರ ಕಥೆ ಇನ್ನೂ ಗೋಜಲು. ಇಂಗ್ಲೆಂಡಿನ ಆಸ್ಥಾನಿಕ ವಾಲ್ಟರ್ ರ‍್ಯಾಲಿಗಾಗಿ ಕಟ್ಟುವಾಗ ಅದು 'ಆರ್ಕ್ ರ‍್ಯಾಲಿ', ರಾಣಿ ಮೊದಲನೆಯ ಎಲಿಜಬೆತ್ ಕೊಂಡ ಮೇಲೆ 'ಆರ್ಕ್ ರಾಯಲ್', ಮುಂದೆ ಮರುಕಟ್ಟಿದಾಗ 'ಆನ್ ರಾಯಲ್'. ಅದಕ್ಕೆ ಪುಟದಲ್ಲಿ ಜಾಗವಾಗಲಿಲ್ಲ. ಎಲ್ಲರಿಗೂ ಧನ್ಯವಾದ.
– ಬೆಂಗಳೂರು

'ಹಡಗು' ಉಳಿಯಿತಲ್ಲ, ಸಂತೋಷ. ಆದರೆ ಆ 'ಜಲಾಂತರ್ಗಾಮಿ'ಯನ್ನು ಹಾಗೇ ಬಿಟ್ಟಿರಾ?
– ಮಂಗಳೂರು