ಗೇ ಅಂತ ಮೊದ್ಲೇ ಹೇಳ್ಕೊಂಡು ವಾರ್ಡ್ ಎಲೆಕ್ಷನ್‌ಗೆ ನಿಂತ್ರೆ ನಮ್ಮೂರ ಜನ ವೋಟ್ ಹಾಕ್ತಾರಾ?

ನಿಟುವಳ್ಳಿ ಗೆಳೆಯ:
ಎಲ್ರಿಗೂ ನಮಸ್ಕಾರ, ದಾವಣಗೆರೆಯಿಂದ. ನನ್ ಫ್ರೆಂಡ್ ಒಬ್ಬ ಮುಂದಿನ ಪಾಲಿಕೆ ಎಲೆಕ್ಷನ್‌ಗೆ ನಿಲ್ಬೇಕು ಅಂತಿದಾನೆ. ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಕೊಂಡಿದಾನೆ, ಏಳೆಂಟು ವರ್ಷದಿಂದ ನಮ್ಮ ಓಣೀಲಿ ನೀರು ಬರ್ಲಿಲ್ಲ ಅಂದ್ರೆ ಇವನಿಗೇ ಮೊದ್ಲು ಫೋನ್ ಹೋಗೋದು, ರಾತ್ರಿ ಎರಡು ಗಂಟೆಗೆ ನೀರು ಬಿಟ್ರೂ ಇವನೇ ಎದ್ದು ಮನೆಮನೆ ಬಾಗ್ಲು ಬಡ್ದು ಎಬ್ಬಿಸ್ತಾನೆ. ಅವನು ಗೇ. ಗೊತ್ತಿರೋದು ನಾಲ್ಕೈದು ಜನಕ್ಕೆ ಮಾತ್ರ. ನಿಂತ್ರೆ ಮುಚ್ಚಿಟ್ಕೊಂಡು ನಿಲ್ಲಲ್ಲ, ಹೇಳೇ ನಿಲ್ತೀನಿ ಅಂತಾನೆ. ನಂಗೆ ರಾತ್ರಿ ನಿದ್ದೆ ಬರ್ತಿಲ್ಲ. ಜನ ಹೆಂಗೆ ತಗೋತಾರೆ? ಎಲೆಕ್ಷನ್ ಕೆಲ್ಸ ಮಾಡಿರೋರು ಇದ್ರೆ ದಯವಿಟ್ಟು ಹೇಳ್ರಿ.

ಕೆಟಿಜೆ ನಗರದ ಅಕ್ಕ:
2019ರ ಪಾಲಿಕೆ ಎಲೆಕ್ಷನ್ನಲ್ಲಿ ನಾನು ಮನೆಮನೆ ತಿರುಗಿದೀನಿ ಅಣ್ಣ, ಅದ್ಕೇ ಹೇಳ್ತಿದೀನಿ. ಹಗಲೊತ್ತು ಜನ ಕೇಳೋದು ಚರಂಡಿ, ನೀರು, ವಿಧವಾ ಪಿಂಚಣಿ ಇಷ್ಟೇ. ಕೆಟ್ಟ ಮಾತು ಹರಡೋದು ವೋಟಿಂಗಿನ ಹಿಂದಿನ ಎರಡು ರಾತ್ರಿ. ನಾವು ಓಡಾಡಿದ ಕ್ಯಾಂಡಿಡೇಟು ಗಂಡನ್ನ ಬಿಟ್ಟು ಬಂದ ಹೆಣ್ಮಗಳು, ಎದುರು ಪಾರ್ಟಿಯೋರು ನಲ್ಲಿ ಹತ್ರ ಅದನ್ನೇ ಏನೇನೋ ಸೇರ್ಸಿ ಹೇಳ್ತಿದ್ರು. ಆಯಮ್ಮ ಏನ್ ಮಾಡಿದ್ರು ಗೊತ್ತಾ, ಒಂದು ಓಣೀಲಿ ಪ್ರತಿ ಮನೆ ಕಟ್ಟೆ ಮೇಲೆ ಕೂತು, ಹೌದ್ರಿ ಬಿಟ್ಟು ಬಂದೀನಿ, ಹಿಂಗಿಂಗಾಯ್ತು ಅಂತ ತಾವೇ ಹೇಳಿದ್ರು. ಒಬ್ರು ಅಜ್ಜಿ ಅಕ್ಕಿ ಆರಿಸ್ತಿದ್ದೋರು ಮೊರ ಕೆಳಗಿಟ್ಟು ಒಳಗೆ ಹೋಗಿ ಕುಂಕುಮದ ಬಟ್ಲು ತಂದ್ರು. ಎಲೆಕ್ಷನ್ ಸೋತ್ರು, ಆದ್ರೆ ಆ ಓಣಿ ಬೂತಲ್ಲಿ ಲೀಡ್ ಬಂತು. ನಿಮ್ ಫ್ರೆಂಡ್ ಹೇಳೋದಾದ್ರೆ ಬೇಗ ಹೇಳ್ಲಿ, ತಾನೇ ಹೇಳ್ಲಿ, ಮೈಕಲ್ಲಿ ಬೇಡ.

ಓದುಗ ಎಂ.ಎ.:
ನಾನು ರಾಜ್ಯಶಾಸ್ತ್ರದೋನು. ಅಮೆರಿಕ, ಬ್ರಿಟನ್, ನ್ಯೂಜಿಲೆಂಡ್ ಮೂರೂ ಕಡೆ ಸಂಶೋಧಕರು ಮತದಾರರ ಮುಂದೆ ಕಾಲ್ಪನಿಕ ಅಭ್ಯರ್ಥಿಗಳನ್ನ ಇಟ್ಟು ಕೇಳಿದಾರೆ. ಗೇ ಅಂದ್ರೆ ಸ್ವಲ್ಪ ವೋಟು ಕಮ್ಮಿ ಆಗುತ್ತೆ, ಟ್ರಾನ್ಸ್ ಅಂದ್ರೆ ಇನ್ನೂ ಕಮ್ಮಿ. ಒಂದು ಕಾರಣ ದ್ವೇಷ, ಇನ್ನೊಂದು "ನಂಗೇನೂ ತೊಂದ್ರೆ ಇಲ್ಲ, ಉಳಿದೋರು ಹಾಕಲ್ವಲ್ಲ, ಗೆಲ್ಲಲ್ಲ" ಅನ್ನೋ ಲೆಕ್ಕ, ಈ ಎರಡನೇದು ನಮ್ಮಲ್ಲೂ ಜೋರಾಗೇ ಇರುತ್ತೆ ಅನ್ಸುತ್ತೆ. ಆದ್ರೆ ಪರಿಚಯದೋರಲ್ಲಿ ಗೇ ಇದ್ರೆ ಆ ಮತದಾರ ಅಷ್ಟು ಹಿಂಜರಿಯಲ್ಲ. ಹಾರ್ವೆ ಮಿಲ್ಕ್ ಅಂತ ಅಮೆರಿಕದ ಗೇ ನಾಯಕ ಸ್ಯಾನ್ ಫ್ರಾನ್ಸಿಸ್ಕೋ ನಗರ ಸಭೆಗೆ ನಿಂತು 1973, 1975 ಎರಡು ಸಲ ಸೋತ್ರು, ಆಗ ಇಡೀ ಊರು ಸೇರಿ ವೋಟ್ ಹಾಕೋ ಪದ್ಧತಿ. 1977ರಲ್ಲಿ ವಾರ್ಡ್‌ವಾರು ಮಾಡಿದ್ರು, ಗೆದ್ರು. ಗೆದ್ದ ಮೇಲೆ ಹೆಸರಾಗಿದ್ದ ಕೆಲ್ಸಗಳಲ್ಲಿ ಒಂದು, ನಾಯಿ ಸಾಕಿದೋರೇ ರಸ್ತೆ ಮೇಲಿನ ಗಲೀಜು ಎತ್ಬೇಕು ಅನ್ನೋ ಕಾನೂನು. ಪೀಟ್ ಬುಟಿಜೆಜ್ ಅಮೆರಿಕದ ಸೌತ್ ಬೆಂಡ್ ಅನ್ನೋ ಊರಿನ ಮೇಯರ್ ಆಗಿದ್ದಾಗ್ಲೇ 2015ರ ಜೂನಲ್ಲಿ ತಾನು ಗೇ ಅಂತ ಪೇಪರಲ್ಲಿ ಬರೆದು ಹೇಳಿದ್ರು, ಅದೇ ನವೆಂಬರಲ್ಲಿ 80 ಪರ್ಸೆಂಟ್ ವೋಟಲ್ಲಿ ಮತ್ತೆ ಗೆದ್ರು. ಊರು ನಮ್ಮ ದಾವಣಗೆರೆಗಿಂತ ಚಿಕ್ಕದು. ನಾಲ್ಕು ವರ್ಷ ಅವರ ಕೆಲ್ಸ ನೋಡಿದ್ದ ಜನ ಅವರು. 2011ರ ಜನಗಣತೀಲಿ ನಮ್ಮೂರಿಗೆ 4.35 ಲಕ್ಷ ಜನ, ವಾರ್ಡು 45, ಅಂದ್ರೆ ಒಂದು ವಾರ್ಡಿಗೆ ಹತ್ತು ಸಾವಿರದ ಒಳಗೆ. ಅಷ್ಟು ಜನರನ್ನ ಮುಖ ನೋಡಿ ಮಾತಾಡ್ಸೋಕೆ ಆಗುತ್ತೆ.

ಕೋಟೆ ಊರಿನವನು:
ಚಿತ್ರದುರ್ಗದಿಂದ, ನಾನೂ ಗೇ, ನಮ್ಮನೇಲಿ ಅಣ್ಣಂಗೆ ಮಾತ್ರ ಗೊತ್ತು. ಮೇಲಿನೋರು ಹೇಳಿದ್ದು ಸರಿ, ಆದ್ರೆ ಮಿಲ್ಕ್ ಅವರನ್ನ ಮರುವರ್ಷ 1978ರಲ್ಲಿ ಅವರ ಜೊತೆ ಸದಸ್ಯ ಆಗಿದ್ದೋನೇ ಗುಂಡಿಟ್ಟು ಕೊಂದ ಅನ್ನೋದನ್ನ ಬಿಡ್ಬಾರ್ದು. ಭಯ ನಿಜ. ಇನ್ನೊಂದು ವಿಷ್ಯ, ನಮ್ಮ ಕಡೆ ಉಚ್ಚಂಗಿ ಗುಡ್ಡಕ್ಕೆ ಹೋಗೋ ಜನ ಎಲ್ಲಮ್ಮನ ಹೆಸರಲ್ಲಿ ಸೀರೆ ಉಟ್ಟು ಹೆಣ್ಣಾಗಿ ಬದುಕೋ ಜೋಗಪ್ಪ ಬಂದ್ರೆ ಅವರ ಪಡ್ಲಿಗೆಗೆ (ದೇವಿ ಬುಟ್ಟಿಗೆ) ಕೈ ಮುಗೀತಾರೆ, ಮೊರದಲ್ಲಿ ಜೋಳ ಕೊಡ್ತಾರೆ. ಛತ್ತೀಸಗಡದ ರಾಯಗಡದಲ್ಲಿ 2015ರಲ್ಲಿ ಮಧು ಬಾಯಿ ಅಂತ ಟ್ರಾನ್ಸ್ ಹೆಣ್ಮಗಳು ಪಕ್ಷೇತರರಾಗಿ ನಿಂತು ಮೇಯರ್ ಆದ್ರು, ವೆಲ್ಲೂರಲ್ಲಿ 2022ರಲ್ಲಿ ಗಂಗಾ ಅನ್ನೋರು ಕೌನ್ಸಿಲರ್ ಆದ್ರು. ಅವರು ಪಟ್ಟ ಪಾಡು ಬೇರೆ, ಅದು ಕಮ್ಮಿ ಅಂತ ಹೇಳ್ತಿಲ್ಲ, ಆದ್ರೆ ಜನಕ್ಕೆ ಕರೆಯೋಕೆ ಒಂದು ಹೆಸರು ಗೊತ್ತು. ಪ್ಯಾಂಟು ಶರ್ಟು ಹಾಕ್ಕೊಂಡು ಮೋಟರ್ ಸುತ್ತೋನು ಗೇ ಅಂದ್ರೆ ಅವರಿಗೆ ಬೈಗುಳ ಬಿಟ್ರೆ ಬೇರೆ ಪದಾನೇ ಇಲ್ಲ. ಆ ಪದ ನಿಮ್ ಫ್ರೆಂಡೇ ಕಲಿಸ್ಬೇಕಾಗುತ್ತೆ. ಕಾನೂನಿನ ಅಡ್ಡಿ ಇಲ್ಲ, 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು 377ನೇ ಸೆಕ್ಷನ್ ವಿಷ್ಯ ಇತ್ಯರ್ಥ ಮಾಡಿದೆ, ಗೇ ಸಂಬಂಧ ಅಪರಾಧ ಅಲ್ಲ ಅಂತ, ಅಫಿಡವಿಟ್ಟಲ್ಲೂ ಆಸ್ತಿ, ಕೇಸು, ಓದು ಕೇಳ್ತಾರೆ, ಇದನ್ನ ಕೇಳಲ್ಲ. ಮತದಾರರಿಗಿಂತ ಮೊದ್ಲು ಅಡ್ಡ ಬರೋರು ಪಾರ್ಟಿ ಟಿಕೆಟ್ಟಿನ ಬಿ ಫಾರಂ ಕೊಡೋರು. ಅವರ ಮನೆ ಕಾಯೋದ್ರಲ್ಲೇ ಮೂರು ತಿಂಗ್ಳು ಹೋಗುತ್ತೆ, ಅದ್ರ ಬದ್ಲು ಪಕ್ಷೇತರ ನಿಲ್ಲೋದೇ ವಾಸಿ. ಮತ್ತೆ ಅವರಮ್ಮಂಗೆ ಈ ವಿಷ್ಯ ಪಾಂಪ್ಲೆಟ್‌ನಿಂದ ಗೊತ್ತಾಗೋ ಹಂಗೆ ಮಾತ್ರ ಮಾಡ್ಬೇಡಿ ಅಣ್ಣ.

ನಿಟುವಳ್ಳಿ ಗೆಳೆಯ:
ಎಲ್ಲಾ ಓದಿ ಅವನಿಗೂ ತೋರ್ಸಿದೆ. ಅಂಗಡೀಲಿ ತಾಮ್ರದ ತಂತಿ ಸುತ್ತುತಾ ಇದ್ದೋನು ಕೋಟೆ ಊರಿನ ಅಣ್ಣ ಬರ್ದಿದ್ದನ್ನ ಎರಡು ಸಲ ಓದಿಸ್ಕೊಂಡ. ಅಮ್ಮಂಗೆ ಹೇಳೋ ಮುಂಚೆ ಅಕ್ಕಂಗೆ ಹೇಳ್ಬೇಕಂತೆ, ಅವಳು ಹರಿಹರದಲ್ಲಿ ಇರೋದು. ಭಾನುವಾರ ಇಬ್ರೂ ಬೈಕಲ್ಲಿ ಹೋಗ್ತಿದೀವಿ. ನಾಮಿನೇಷನ್ ವಿಷ್ಯ ಅಲ್ಲಿಂದ ಬಂದ್ಮೇಲೆ.